ಸ್ವಾಧೀನ ತಪ್ಪಿದ ಕಾಲಿಗೆ ವಿದ್ಯುತ್ತಿನ ವ್ಯಾಯಾಮ

ಆಟಿಯ ಮಳೆ ಮೂಡುಬಿದಿರೆಯ ಸೀಮೆಯಲ್ಲಿ ಒಮ್ಮೆ ಹಿಡಿಯಿತೆಂದರೆ ಅಡಕೆ ತೋಟದ ಒಡೆಯನಿಗೆ ನಿದ್ದೆ ಬಾರದು. ಎಡೆಬಿಡದೆ ಸುರಿಯುವ ನೀರಿನಲ್ಲಿ ಕೊಳೆರೋಗವು ಗೊನೆಯಿಂದ ಗೊನೆಗೆ ಹರಡಿ, ಎಳೆಯ ಕಾಯಿಗಳು ಮರದ ಬುಡದಲ್ಲಿ ರಾಶಿಯಾಗಿ ಉದುರತೊಡಗುತ್ತವೆ. ಮೈಲುತುತ್ತನ್ನೂ ಸುಣ್ಣವನ್ನೂ ಬೆರೆಸಿ ಸಿದ್ಧಪಡಿಸಿದ ಬೋರ್ಡೋ ದ್ರಾವಣವೇ ಇದಕ್ಕೆ ಮದ್ದು. ಆ ಮದ್ದನ್ನು ಮಳೆ ಹೊಳವಾದ ಒಂದೆರಡು ಗಂಟೆಗಳ ಎಡೆಯಲ್ಲಿಯೇ ಗೊನೆಗೆ ತಾಗಿಸಬೇಕು. ಐವತ್ತು ಅರುವತ್ತು ಅಡಿ ಎತ್ತರದ, ಸಪುರವಾದ, ಹಾವಸೆ ಕಟ್ಟಿ ಜಾರುವ ಕಾಂಡವನ್ನು ಏರಿ, ತುದಿಯಲ್ಲಿ ಮರವನ್ನು ಬಾಗಿಸಿ, ನೆಲಕ್ಕಿಳಿಯದೆಯೇ ಪಕ್ಕದ ಮರಕ್ಕೆ ದಾಟುವ ಕೆಲಸಗಾರನ ಚಾತುರ್ಯವನ್ನು ಕಂಡವರು ಮರೆಯಲಾರರು. ಒಂದು ದಿನ ಅವನ ಹಿಡಿತ ತಪ್ಪುತ್ತದೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯಲ್ಲಿ ಈ ಕಥೆಯನ್ನು ಕೇಳದ ಊರಿಲ್ಲ. ಅಡಕೆ ಮರವಲ್ಲದಿದ್ದರೆ ತೆಂಗು; ತೆಂಗಲ್ಲದಿದ್ದರೆ ಕಾಳುಮೆಣಸಿನ ಬಳ್ಳಿಗೆ ಇಟ್ಟ ಏಣಿ; ಅದೂ ಅಲ್ಲದಿದ್ದರೆ ತಿರುವಿನಲ್ಲಿ ಜಾರಿದ ಬೈಕು. ಬಿದ್ದವನನ್ನು ಮಂಗಳೂರಿಗೆ ಒಯ್ಯುತ್ತಾರೆ, ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗುತ್ತದೆ, ಕೆಲವು ವಾರಗಳ ತರುವಾಯ ಅವನು ಮನೆಗೆ ಹಿಂತಿರುಗುತ್ತಾನೆ. ಜೀವ ಉಳಿದಿದೆ, ತೋಳಿನಲ್ಲಿ ಮೊದಲಿನ ಕಸುವಿದೆ, ಮಾತು ಬುದ್ಧಿಗಳಿಗೆ ಊನವಿಲ್ಲ. ಆದರೆ ಸೊಂಟದಿಂದ ಕೆಳಗೆ ಏನೂ ತಿಳಿಯದು, ಏನೂ ಅಲುಗದು. ನೋಡಲು ಬಂದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ಇವನು ಇನ್ನು ನಡೆದಾನೆಯೇ?

ಈ ಲೇಖನವು ಆ ಪ್ರಶ್ನೆಗೆ ಉತ್ತರವಲ್ಲ. ಅದಕ್ಕಿಂತ ಹೆಚ್ಚು ತುರ್ತಾದ, ಆದರೆ ಯಾರೂ ಕೇಳದ ಪ್ರಶ್ನೆಯೊಂದಿದೆ. ಮೂವತ್ತರ ಪ್ರಾಯದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತ ಈ ಮನುಷ್ಯನ ಹೃದಯ, ರಕ್ತನಾಳ, ಎಲುಬು, ಚರ್ಮ ಇವು ಅವನ ಐವತ್ತರಲ್ಲಿ ಯಾವ ಸ್ಥಿತಿಯಲ್ಲಿರುತ್ತವೆ? ಅವನು ಬದುಕಿರುವಷ್ಟು ಕಾಲ ಆರೋಗ್ಯದಿಂದ ಇರಬೇಕಾದರೆ ಅವನಿಗೂ ವ್ಯಾಯಾಮ ಬೇಕಷ್ಟೆ. ನಡೆಯಲಾರದವನ ಕಾಲುಗಳಿಗೆ ವ್ಯಾಯಾಮ ಮಾಡಿಸುವುದು ಹೇಗೆ? ವಿದ್ಯುತ್ತಿನಿಂದ ಅದು ಸಾಧ್ಯವೆಂದು ವಿಜ್ಞಾನವು ಹೇಳುತ್ತದೆ. ಹೇಳುವುದಷ್ಟೇ ಅಲ್ಲ, ನಾಲ್ಕು ದಶಕಗಳಿಂದ ಮಾಡಿ ತೋರಿಸುತ್ತಿದೆ.

ಮೊದಲು, ಬಿದ್ದಾಗ ಒಳಗೆ ಆದುದೇನೆಂಬುದನ್ನು ನೋಡೋಣ. ನಮ್ಮ ಬೆನ್ನೆಲುಬು ಒಂದರ ಮೇಲೊಂದು ಪೋಣಿಸಿದ ಮಣಿಗಳ ಸಾಲು. ಆ ಮಣಿಗಳ ನಡುವಣ ಕೊಳವೆಯಲ್ಲಿ, ಮೆದುಳಿನಿಂದ ಹೊರಟ ಬೆನ್ನುಹುರಿಯು ಕಿರುಬೆರಳಿನ ಗಾತ್ರದಲ್ಲಿ ಇಳಿದುಬಂದು ಸೊಂಟಕ್ಕಿಂತ ತುಸು ಮೇಲೆಯೇ ಮುಗಿಯುತ್ತದೆ. ಅದರಾಚೆಗೆ ಇರುವುದು ಕುದುರೆಯ ಬಾಲದಂತೆ ಎಳೆಎಳೆಯಾಗಿ ಇಳಿಬಿದ್ದ ನರಗಳ ಗೊಂಚಲು. ‘ಕಾಲು ಎತ್ತು’ ಎಂಬ ಮೆದುಳಿನ ಆಜ್ಞೆ ಈ ಹುರಿಯಲ್ಲಿ ಇಳಿದು, ಅದರ ಕೆಳಭಾಗದಲ್ಲಿರುವ ಚಾಲಕ ನರಕಣಗಳನ್ನು ಮುಟ್ಟುತ್ತದೆ. ಆ ನರಕಣಗಳು ತಮ್ಮ ಉದ್ದನೆಯ ಎಳೆಗಳ ಮೂಲಕ ತೊಡೆಯ ಮತ್ತು ಕಾಲಿನ ಸ್ನಾಯುಗಳಿಗೆ ಸಂದೇಶವನ್ನು ಒಯ್ಯುತ್ತವೆ. ಅಂದರೆ ಮೆದುಳಿಗೂ ಸ್ನಾಯುವಿಗೂ ನಡುವೆ ಇರುವುದು ಒಂದೇ ತಂತಿಯಲ್ಲ, ಎರಡು ತಂತಿಗಳು. ಎರಡರ ಸಂಧಿ ಬೆನ್ನುಹುರಿಯೊಳಗಿದೆ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ನಮ್ಮ ತೋಟಗಳ ಪಂಪುಸೆಟ್ಟಿನ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ಮುಂಗಾರಿನ ಮೊದಲ ಗಾಳಿಗೆ ರಸ್ತೆಬದಿಯ ಮರವೊಂದು ವಿದ್ಯುತ್ ತಂತಿಯ ಮೇಲೆ ಬೀಳುತ್ತದೆ. ಬಾವಿಯ ಬಳಿಯ ಪಂಪು ನಿಲ್ಲುತ್ತದೆ. ಪಂಪು ಕೆಟ್ಟಿತೆಂದು ಯಾರೂ ಹೇಳುವುದಿಲ್ಲ. ಜನರೇಟರ್ ಒಂದನ್ನು ತಂದು ಪಂಪಿನ ಮನೆಯಲ್ಲಿಯೇ ಜೋಡಿಸಿದರೆ ಅದು ಮೊದಲಿನಂತೆಯೇ ನೀರೆತ್ತುತ್ತದೆ. ಎದೆಯ ಮಟ್ಟದಲ್ಲಿ ಬೆನ್ನುಹುರಿ ಜಜ್ಜಿಹೋದವನ ಕಾಲುಗಳು ಇದೇ ಸ್ಥಿತಿಯಲ್ಲಿವೆ. ಮೆದುಳಿನಿಂದ ಬರುವ ಮೇಲಿನ ತಂತಿ ಕಡಿದಿದೆ. ಕೆಳಗಿನ ನರಕಣ, ಅದರ ಎಳೆ, ಅದು ಕುಣಿಸುವ ಸ್ನಾಯು ಎಲ್ಲವೂ ಜೀವಂತವಾಗಿವೆ. ಆದರೆ ಪಂಪಿನೊಳಗಣ ಸುರುಳಿಯೇ ಸುಟ್ಟುಹೋಗಿದ್ದರೆ? ಎಷ್ಟು ಜನರೇಟರ್ ತಂದರೂ ಪ್ರಯೋಜನವಿಲ್ಲ. ಸೊಂಟದ ಮಣಿಗಳು ಮುರಿದು ಕುದುರೆಬಾಲದ ನರಗಳೇ ನಾಶವಾದವರಲ್ಲಿ ಆಗುವುದು ಇದು. ಅಂಥವರ ಸ್ನಾಯುಗಳು ಸಾಮಾನ್ಯ ಪ್ರಚೋದನೆಗೆ ಓಗೊಡವು. ಅವಕ್ಕಾಗಿ ಬಹು ದೀರ್ಘವಾದ ಮಿಡಿತಗಳನ್ನು ಕೊಡುವ ಬೇರೆಯೇ ವಿಧಾನವನ್ನು ವಿಯೆನ್ನಾದ ವೈದ್ಯರು ಶೋಧಿಸಿದ್ದಾರೆ. ಅದು ಪ್ರತ್ಯೇಕ ವಿಷಯ.

ಇವೆರಡರ ಭೇದವನ್ನು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಮಂಡಿಯ ಚಿಪ್ಪಿನ ಕೆಳಗೆ ರಬ್ಬರಿನ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಕಾಲು ಚಿಮ್ಮಿದರೆ ಆ ಸ್ನಾಯುವಿನ ಕೆಳಗಿನ ತಂತಿ ನೆಟ್ಟಗಿದೆಯೆಂದು ವೈದ್ಯನು ತಿಳಿಯುತ್ತಾನೆ. ಪೆಟ್ಟಾದ ಕೆಲವು ವಾರಗಳ ಮೇಲೆ ಇಂಥ ರೋಗಿಯ ಕಾಲುಗಳು ತಾವಾಗಿಯೇ ಸೆಟೆದುಕೊಳ್ಳುವುದು, ಅದುರುವುದು ಉಂಟು. ಅದನ್ನು ಕಂಡ ಮನೆಯವರು ಕಾಲಿಗೆ ಶಕ್ತಿ ಬರುತ್ತಿದೆಯೆಂದು ಹಿಗ್ಗುತ್ತಾರೆ. ಅದು ಶಕ್ತಿ ಬಂದ ಚಿಹ್ನೆಯಲ್ಲ. ಮೇಲಿನಿಂದ ಬರುವ ಕಡಿವಾಣ ತಪ್ಪಿದ ಕೆಳಗಿನ ನರಕಣಗಳ ಸ್ವೇಚ್ಛಾವರ್ತನೆ. ಆದರೂ ಅದೊಂದು ಶುಭವಾರ್ತೆಯೇ ಹೌದು: ಪಂಪಿನ ಸುರುಳಿ ಸುಟ್ಟಿಲ್ಲ.

ಇನ್ನು ಸುಮ್ಮನೆ ಕುಳಿತ ದೇಹದ ಗತಿ. ದುಡಿಯದ ಸ್ನಾಯು ಕರಗುತ್ತದೆಂಬುದು ಎಲುಬು ಮುರಿದು ಸಿಮೆಂಟಿನ ಕಟ್ಟು ಹಾಕಿಸಿಕೊಂಡ ಯಾರಿಗಾದರೂ ಗೊತ್ತು. ಇಲ್ಲಿ ಆ ಕಟ್ಟು ಜೀವಮಾನಪರ್ಯಂತ ಇದ್ದಂತೆ. ತೊಡೆಯ ಸ್ನಾಯು ಮೊದಲ ಆರು ತಿಂಗಳಲ್ಲಿಯೇ ತನ್ನ ಗಾತ್ರದ ಬಹುಭಾಗವನ್ನು ಕಳೆದುಕೊಳ್ಳುತ್ತದೆ. ಭಾರ ಹೊರದ ಎಲುಬಿನಿಂದ ಸುಣ್ಣದ ಅಂಶ ಸೋರಿಹೋಗಿ, ಮಂಡಿಯ ಆಸುಪಾಸಿನಲ್ಲಿ ಕೆಲವೇ ವರ್ಷಗಳೊಳಗೆ ಅದರ ಸಾಂದ್ರತೆ ಅರ್ಧದಷ್ಟಕ್ಕೆ ಇಳಿಯಬಹುದು. ಹಾಸಿಗೆಯಿಂದ ಕುರ್ಚಿಗೆ ಜಾರುವಾಗ ಕಾಲು ತುಸು ತಿರುಚಿದರೂ ಅಂಥ ಎಲುಬು ಮುರಿಯುತ್ತದೆ. ನೋವಿಲ್ಲದ್ದರಿಂದ ಮುರಿದದ್ದು ಎರಡು ದಿನ ತಿಳಿಯುವುದೂ ಇಲ್ಲ. ರಕ್ತದ ಸಕ್ಕರೆಯನ್ನು ಹೀರಿ ಉರಿಸುವ ದೊಡ್ಡ ಒಲೆಗಳು ತೊಡೆ ಮತ್ತು ನಿತಂಬದ ಸ್ನಾಯುಗಳೇ ಆದುದರಿಂದ, ಅವು ಆರಿದ ಮೇಲೆ ಸಿಹಿಮೂತ್ರ ರೋಗವು ಸಲೀಸಾಗಿ ಒಳಬರುತ್ತದೆ. ನಿತಂಬದ ಮಾಂಸ ಕರಗಿ ಮೂಳೆಯ ಮೇಲೆ ಚರ್ಮವಷ್ಟೇ ಉಳಿದಾಗ ಕುಳಿತಲ್ಲಿಯೇ ಹುಣ್ಣಾಗುತ್ತದೆ.

ಸುಮಾರು 3600 ವರ್ಷಗಳ ಹಿಂದಣ ಈಜಿಪ್ಟಿನ ಒಂದು ವೈದ್ಯಗ್ರಂಥವು ಬೆನ್ನುಹುರಿಯ ಪೆಟ್ಟನ್ನು ಚಿಕಿತ್ಸೆಗೆ ತೊಡಗಬಾರದ ವ್ಯಾಧಿಗಳ ಸಾಲಿಗೆ ಸೇರಿಸಿತ್ತು. ಈ ನಿರಾಶೆಯೇ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನದವರೆಗೆ ಮುಂದುವರಿಯಿತು. ಹಾಸಿಗೆ ಹುಣ್ಣಿನ ನಂಜು, ಮೂತ್ರಕೋಶದ ಸೋಂಕು ಇವು ಹೆಚ್ಚಿನವರನ್ನು ಬೇಗನೆ ಕೊಂಡೊಯ್ಯುತ್ತಿದ್ದವು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಇಂಗ್ಲೆಂಡಿಗೆ ಬಂದ ಲುಡ್ವಿಗ್ ಗುಟ್‌ಮನ್ ಎಂಬ ನರವೈದ್ಯನು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರ ವಿಭಾಗವನ್ನು ವಹಿಸಿಕೊಂಡನು. ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುಚಿಯಾಗಿಡುವುದು, ಮೈಗೆ ಕೆಲಸ ಕೊಡುವುದು: ಇಷ್ಟೇ ಅವನ ರಹಸ್ಯ. 1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಪ್ರಾರಂಭವಾದ ದಿನವೇ, ಅವನು ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿಯಿಂದ ಬಿಲ್ಲುಗಾರಿಕೆಯ ಪಂದ್ಯವನ್ನು ನಡೆಸಿದನು. ಇಂದಿನ ಪ್ಯಾರಾಲಿಂಪಿಕ್ಸಿಗೆ ಅದೇ ಮೂಲ. ನಮ್ಮ ದೇಶದಲ್ಲಿ ಈ ಮಾರ್ಗವನ್ನು ತೋರಿದವರು ಡಾಕ್ಟರ್ ಮೇರಿ ವರ್ಗೀಸರು. 1954ರ ಮೋಟಾರು ಅಪಘಾತದಲ್ಲಿ ತಾವೇ ಕಾಲುಗಳ ಸ್ವಾಧೀನವನ್ನು ಕಳೆದುಕೊಂಡ ಅವರು ಗಾಲಿಕುರ್ಚಿಯಲ್ಲಿ ಕುಳಿತೇ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನಶ್ಚೇತನ ಸಂಸ್ಥೆಯೊಂದು ಅವರ ನೇತೃತ್ವದಲ್ಲಿ ತಲೆಯೆತ್ತಿತು.

ಹುಣ್ಣು ಮತ್ತು ಸೋಂಕುಗಳನ್ನು ತಡೆಯಲು ಕಲಿತ ದೇಶಗಳಲ್ಲಿ ಬೆನ್ನುಹುರಿಯ ರೋಗಿಗಳು ದೀರ್ಘಕಾಲ ಬದುಕತೊಡಗಿದರು. ಆಗ ಹೊಸ ಶತ್ರುವೊಂದು ಕಾಣಿಸಿಕೊಂಡಿತು. ಅದು ಹೃದ್ರೋಗ.

ಇದಕ್ಕೆ ತೋಳಿನ ವ್ಯಾಯಾಮ ಸಾಲದೇ ಎಂದು ಕೇಳಬಹುದು. ತೋಳಿನ ವ್ಯಾಯಾಮ ಬಹು ಒಳ್ಳೆಯದು, ಅಗ್ಗವಾದುದು, ಎಲ್ಲರೂ ಮಾಡತಕ್ಕದ್ದು. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಇಂಥವರಿಗೆ ದೇಹದಾರ್ಢ್ಯಕ್ಕಾಗಿ ವಾರಕ್ಕೆ ಎರಡು ದಿನ 20 ನಿಮಿಷಗಳ ಮೈಬೆವರಿಸುವ ವ್ಯಾಯಾಮವನ್ನೂ ಜೊತೆಗೆ ಸ್ನಾಯುಬಲದ ಸಾಧನೆಯನ್ನೂ, ಹೃದಯದ ಆರೋಗ್ಯಕ್ಕಾಗಿ ವಾರಕ್ಕೆ ಮೂರು ದಿನ 30 ನಿಮಿಷಗಳ ವ್ಯಾಯಾಮವನ್ನೂ ವಿಧಿಸುತ್ತದೆ. ಆದರೆ ತೋಳಿಗೆ ಎರಡು ಮಿತಿಗಳಿವೆ. ತೋಳಿನ ಸ್ನಾಯುಗಳು ಚಿಕ್ಕವು. ಅವು ಎಷ್ಟೇ ದುಡಿದರೂ ಹೃದಯದಿಂದ ಕೇಳುವ ರಕ್ತ ಸ್ವಲ್ಪವೇ. ಎರಡನೆಯದಾಗಿ, ನಡೆಯುವವನ ಕಾಲಿನ ಸ್ನಾಯುಗಳು ಹೆಜ್ಜೆಹೆಜ್ಜೆಗೂ ರಕ್ತನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಈತನಲ್ಲಿ ಆ ತಳ್ಳುವಿಕೆಯಿಲ್ಲದೆ ರಕ್ತ ಕಾಲಿನಲ್ಲಿಯೇ ಮಡುಗಟ್ಟುತ್ತದೆ. ತುಂಬದ ಹೃದಯ ಪೂರ್ಣವಾಗಿ ದುಡಿಯುವುದೆಂತು? ಇದರ ಮೇಲೆ, ಪೆಟ್ಟು ಎದೆಯ ಮೇಲ್ಭಾಗದಲ್ಲಿಯೋ ಕುತ್ತಿಗೆಯಲ್ಲಿಯೋ ಆಗಿದ್ದರೆ ಹೃದಯಕ್ಕೆ ವೇಗವನ್ನು ಕೊಡುವ ನರಗಳ ಸಂಬಂಧವೂ ತಪ್ಪಿ, ನಾಡಿ ನಿಮಿಷಕ್ಕೆ 110ರಿಂದ 130ಕ್ಕಿಂತ ಮೇಲೇರಲು ಕಷ್ಟಪಡುತ್ತದೆ. ಬಾಹುಗಳನ್ನು ಅತಿಯಾಗಿ ದುಡಿಸಿ ಭುಜದ ಕೀಲು ಸವೆಯಿತೆಂದರೆ ಅವನ ‘ಕಾಲೂ’ ಹೋದಂತೆ. ಗಾಲಿಯನ್ನು ತಳ್ಳುವುದು ಆ ಭುಜಗಳೇ ಅಲ್ಲವೆ?

ಆದ್ದರಿಂದ ತೊಡೆಯ ದೊಡ್ಡ ಸ್ನಾಯುಗಳನ್ನೇ ಎಬ್ಬಿಸಬೇಕು. ಇದಕ್ಕೆ ಬೇಕಾದ ಜ್ಞಾನ ಹಳೆಯದು. ಇಟಲಿಯ ಬೊಲೋನ್ಯಾ ನಗರದ ಲೂಯಿಜಿ ಗ್ಯಾಲ್ವಾನಿಯು ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸ್ಪರ್ಶದಿಂದ ಒದೆಯುವುದನ್ನು ಕಂಡು 1791ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿದನು. ಅವನ ಸೋದರಳಿಯ ಅಲ್ದೀನಿಯು 1803ರಲ್ಲಿ ಲಂಡನ್ನಿನಲ್ಲಿ, ಗಲ್ಲಿಗೇರಿದ ಅಪರಾಧಿಯೊಬ್ಬನ ಶವಕ್ಕೆ ವಿದ್ಯುತ್ತನ್ನು ಹರಿಯಿಸಿ ಅದರ ಮುಖವೂ ಕೈಕಾಲೂ ಸೆಟೆಯುವುದನ್ನು ತೋರಿಸಿ ಜನರನ್ನು ಹೆದರಿಸಿದನಂತೆ. ಪ್ರದರ್ಶನದ ಗೀಳು ವಿಜ್ಞಾನದಲ್ಲಿಯೂ ಹೊಸತಲ್ಲ. ಫ್ರಾನ್ಸಿನ ವೈದ್ಯ ಡ್ಯೂಶೆನ್ ಈ ವಿದ್ಯೆಯನ್ನು ಜಾತ್ರೆಯಿಂದ ಚಿಕಿತ್ಸಾಲಯಕ್ಕೆ ತಂದನು. ಚರ್ಮದ ಮೇಲೆ ಒದ್ದೆಯಾದ ವಿದ್ಯುದ್ವಾರಗಳನ್ನಿಟ್ಟು, ಎಲ್ಲಿ ಮುಟ್ಟಿದರೆ ಯಾವ ಸ್ನಾಯು ಕುಗ್ಗುತ್ತದೆಂಬುದನ್ನು ಅವನು ಒಂದೊಂದಾಗಿ ಗುರುತಿಸಿ 1855ರಲ್ಲಿ ಗ್ರಂಥವಾಗಿ ಹೊರತಂದನು. ಒಂದು ಶತಮಾನದ ಮೇಲೆ, 1961ರಲ್ಲಿ, ಅಮೆರಿಕದ ಲೀಬರ್‌ಸನ್ ಮತ್ತು ಸಂಗಡಿಗರು ಪಾರ್ಶ್ವವಾಯುವಿನಿಂದ ಪಾದ ಜೋತವರ ಚಪ್ಪಲಿಯ ಹಿಮ್ಮಡಿಗೆ ಸ್ವಿಚ್ಚನ್ನು ಜೋಡಿಸಿ, ಹಿಮ್ಮಡಿ ನೆಲಬಿಟ್ಟೊಡನೆ ವಿದ್ಯುತ್ತು ಹರಿದು ಪಾದ ಮೇಲೇಳುವಂತೆ ಮಾಡಿದರು. ಸ್ನಾಯುವನ್ನು ಸುಮ್ಮನೆ ಕುಣಿಸುವುದಲ್ಲ, ಬೇಕಾದ ಹೊತ್ತಿಗೆ ಬೇಕಾದ ಕೆಲಸಕ್ಕೆ ಹಚ್ಚುವುದು: ಇದೇ ಹೊಸ ಮಾತು.

1980ರ ದಶಕದ ಮೊದಲಲ್ಲಿ ಓಹಾಯೋ ಪ್ರಾಂತದ ರೈಟ್ ಸ್ಟೇಟ್ ವಿಶ್ವವಿದ್ಯಾಲಯದ ಜೆರಾಲ್ಡ್ ಪೆಟ್ರೋಫ್‌ಸ್ಕಿಯು ಗಣಕಯಂತ್ರದ ನೆರವಿನಿಂದ ಇದನ್ನು ಕಾಲುಗಳೆರಡಕ್ಕೂ ವಿಸ್ತರಿಸಿದನು. ನ್ಯಾನ್ ಡೇವಿಸ್ ಎಂಬ ವಿದ್ಯಾರ್ಥಿನಿ 1983ರಲ್ಲಿ ತನ್ನ ಪದವಿಪತ್ರವನ್ನು ಈ ಯಂತ್ರದ ಬಲದಿಂದ ಕೆಲವು ಹೆಜ್ಜೆ ನಡೆದು ಸ್ವೀಕರಿಸಿದಾಗ ಪತ್ರಿಕೆಗಳು ಪವಾಡವೆಂದೇ ಸಾರಿದವು. ಆ ನಡಿಗೆ ನಿತ್ಯಜೀವನದ ನಡಿಗೆಯಾಗಿರಲಿಲ್ಲ. ತಂತಿಗಳು, ಆಧಾರಪಟ್ಟಿಗಳು, ಆಚೀಚೆ ಹಿಡಿದುಕೊಂಡವರು ಎಲ್ಲ ಇದ್ದರು. ನನ್ನ ದೃಷ್ಟಿಯಲ್ಲಿ ಅದೇ ಪ್ರಯೋಗಾಲಯಗಳಲ್ಲಿ ಸದ್ದಿಲ್ಲದೆ ರೂಪುಗೊಂಡ ಇನ್ನೊಂದು ಸಾಧನವೇ ಹೆಚ್ಚಿನದು. ಅದು ನೆಲಕ್ಕೆ ನೆಟ್ಟ ಸೈಕಲ್ಲು.

ರೋಗಿಯು ಬೆನ್ನಾಸರೆಯುಳ್ಳ ಆಸನದಲ್ಲಿಯೋ ತನ್ನ ಗಾಲಿಕುರ್ಚಿಯಲ್ಲಿಯೋ ಕುಳಿತುಕೊಳ್ಳುತ್ತಾನೆ. ಪಾದಗಳನ್ನು ಪೆಡಲಿಗೆ ಬಿಗಿದು, ಮೊಣಕಾಲು ಹೊರಕ್ಕೆ ವಾಲದಂತೆ ಆಧಾರ ಕೊಡುತ್ತಾರೆ. ತೊಡೆಯ ಮುಂಭಾಗ, ಹಿಂಭಾಗ, ನಿತಂಬ, ಹೀಗೆ ಎರಡು ಕಾಲಿಗೂ ಅಂಟುಪಟ್ಟಿಯಂಥ ವಿದ್ಯುದ್ವಾರಗಳನ್ನು ಹಚ್ಚುತ್ತಾರೆ. ಯಂತ್ರವು ಪೆಡಲು ಯಾವ ಕೋನದಲ್ಲಿದೆಯೆಂಬುದನ್ನು ಅಳೆಯುತ್ತ, ಬಲಗಾಲು ಮುಂದೊತ್ತಬೇಕಾದ ಕ್ಷಣದಲ್ಲಿ ಬಲತೊಡೆಯ ಮುಂದಣ ಸ್ನಾಯುವಿಗೂ, ಎಳೆಯಬೇಕಾದ ಕ್ಷಣದಲ್ಲಿ ಹಿಂದಣ ಸ್ನಾಯುವಿಗೂ ಮಿಡಿತಗಳನ್ನು ಕಳುಹುತ್ತದೆ. ಒಂದು ಸೆಕೆಂಡಿಗೆ ಸುಮಾರು 30ರಿಂದ 50 ಮಿಡಿತಗಳು. ಒಂದೊಂದು ಮಿಡಿತದ ಅವಧಿ ಸೆಕೆಂಡಿನ ಮೂರು ಸಾವಿರದಲ್ಲೊಂದು ಪಾಲಿನ ಆಸುಪಾಸು. ವಿದ್ಯುತ್ತಿನ ಪ್ರಮಾಣ ಹೆಚ್ಚೆಂದರೆ 140 ಮಿಲಿಆಂಪಿಯರ್. ಈ ವಿದ್ಯುತ್ತು ನೇರವಾಗಿ ಸ್ನಾಯುವನ್ನು ಎಬ್ಬಿಸುವುದಿಲ್ಲ, ಸ್ನಾಯುವಿಗೆ ಹೋಗುವ ನರದ ಎಳೆಯನ್ನು ಎಬ್ಬಿಸುತ್ತದೆ. ಕೆಳಗಿನ ತಂತಿ ನೆಟ್ಟಗಿರಬೇಕೆಂದು ಮೊದಲೇ ಹೇಳಿದುದಕ್ಕೆ ಇದೇ ಕಾರಣ. ಮೆಲ್ಲಮೆಲ್ಲನೆ ಕಾಲುಗಳು ತಿರುಗತೊಡಗುತ್ತವೆ. ತನ್ನ ಕಾಲು ತಾನೇ ದುಡಿಯುವುದನ್ನು ಅವನು ನೋಡಬಲ್ಲನು, ಅನುಭವಿಸಲಾರನು. ಆದರೆ ಉಸಿರು ಏರುವುದನ್ನೂ ಎದೆ ಬಡಿಯುವುದನ್ನೂ ಅವನು ಖಂಡಿತವಾಗಿ ಅನುಭವಿಸುತ್ತಾನೆ.

ಮೊದಲ ದಿನ ಐದು ನಿಮಿಷ ನಡೆದರೆ ಹೆಚ್ಚು. ಕಾಲು ಇಷ್ಟು ಬೇಗ ಸೋಲುವುದೇಕೆ? ಇಲ್ಲಿ ಸ್ನಾಯುವಿನ ನಾರುಗಳ ವಿಚಾರ ಬರುತ್ತದೆ. ಬಸದಿಗಳ ಊರನ್ನು ಮುಂದಿಟ್ಟುಕೊಂಡು ಮಾಂಸದ ದೃಷ್ಟಾಂತ ಕೊಡುವುದು ಅಷ್ಟು ಉಚಿತವಲ್ಲವಾದರೂ, ಊರಕೋಳಿಯ ಕಾಲಿನ ಮಾಂಸ ಕೆಂಪಗೂ ಎದೆಯ ಮಾಂಸ ಬೆಳ್ಳಗೂ ಇರುವುದನ್ನು ಬಲ್ಲವರು ಬಲ್ಲರು. ಕೆಂಪು ನಾರು ನಿಧಾನವಾದುದು, ದಣಿಯದುದು. ದಿನವಿಡೀ ನಿಲ್ಲುವ, ನಡೆಯುವ ಕೆಲಸ ಅದರದು. ಬಿಳಿಯ ನಾರು ಜೋರಿನದು, ಬೇಗ ದಣಿಯುವುದು. ಮೂಡುಬಿದಿರೆಯ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿ ದೇಶವೆಲ್ಲ ಮಾತನಾಡುವಂತೆ ಮಾಡಿದುದು ವಾಚಕರಿಗೆ ನೆನಪಿರಬಹುದು. ಅಂಥ ಓಟ ಮುಖ್ಯವಾಗಿ ಬಿಳಿಯ ನಾರುಗಳ ಕೆಲಸ. ಅದೇ ವೇಗದಲ್ಲಿ ಅವರು ಮಂಗಳೂರಿನವರೆಗೆ ಓಡಬೇಕೆಂದು ಯಾರೂ ಅಪೇಕ್ಷಿಸಲಾರರು. ಮೆದುಳು ಸ್ನಾಯುವನ್ನು ದುಡಿಸುವಾಗ ಮೊದಲು ಕೆಂಪು ನಾರುಗಳನ್ನು ಕರೆಯುತ್ತದೆ. ಒಂದು ಗುಂಪು ದುಡಿಯುವಾಗ ಇನ್ನೊಂದಕ್ಕೆ ಬಿಡುವು ಕೊಡುತ್ತದೆ. ಯಂತ್ರಕ್ಕೆ ಈ ವಿವೇಕವಿಲ್ಲ. ವಿದ್ಯುದ್ವಾರದ ಕೆಳಗೆ ಸಿಕ್ಕಿದ ನಾರುಗಳನ್ನೆಲ್ಲ ಅದು ಒಟ್ಟಿಗೆ, ಮತ್ತೆ ಮತ್ತೆ ಎಬ್ಬಿಸುತ್ತದೆ. ಸಾಲದುದಕ್ಕೆ, ಸ್ವಾಧೀನ ತಪ್ಪಿದ ಕಾಲಿನಲ್ಲಿ ಕೆಂಪು ನಾರುಗಳು ಕಾಲಕ್ರಮದಲ್ಲಿ ಬೇಗ ದಣಿಯುವ ಜಾತಿಗೆ ಮಾರ್ಪಟ್ಟಿರುತ್ತವೆ. ಹೀಗಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವನೂ ಪೆಡಲಿನಲ್ಲಿ ಉತ್ಪಾದಿಸುವ ಶಕ್ತಿ ಸಾಮಾನ್ಯವಾಗಿ ಹತ್ತಿಪ್ಪತ್ತು ವಾಟ್. ಒಂದು ಸಣ್ಣ ದೀಪವನ್ನು ಉರಿಸಲು ಸಾಕಾದಷ್ಟು. ಆರೋಗ್ಯವಂತನು ನೂರು ವಾಟನ್ನು ಅನಾಯಾಸವಾಗಿ ಕೊಡಬಲ್ಲನು.

ಈ ಅಲ್ಪತ್ವವನ್ನು ಕಂಡು ನಗಬೇಕಾಗಿಲ್ಲ. ನಮಗೆ ಬೇಕಾದುದು ಸೈಕಲ್ಲಿನ ವೇಗವಲ್ಲ, ಆ ಹತ್ತು ವಾಟಿಗಾಗಿ ದೇಹವು ಉರಿಸುವ ಪ್ರಾಣವಾಯು. ಯಂತ್ರದ ಅವಿವೇಕದಿಂದಾಗಿಯೇ ಸ್ನಾಯುಗಳು ತಾವು ಕೊಡುವ ಕೆಲಸಕ್ಕೆ ಹೋಲಿಸಿದರೆ ಬಹಳ ಹೆಚ್ಚು ಪ್ರಾಣವಾಯುವನ್ನು ಬೇಡುತ್ತವೆ; ಆ ಬೇಡಿಕೆಯನ್ನು ಪೂರೈಸಲು ಹೃದಯ ಮತ್ತು ಶ್ವಾಸಕೋಶಗಳು ದುಡಿಯಲೇಬೇಕಾಗುತ್ತದೆ. ಕೋಪನ್‌ಹೇಗನ್ನಿನ ಸಂಶೋಧಕರು ಹತ್ತು ಮಂದಿಗೆ ಒಂದು ವರ್ಷಕಾಲ, ವಾರಕ್ಕೆ ಮೂರು ಸಲ, ಸಲಕ್ಕೆ ಅರ್ಧ ಗಂಟೆಯಂತೆ ಈ ಸೈಕಲ್ಲನ್ನು ತುಳಿಸಿ 1997ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅವರ ತೊಡೆಯ ಸ್ನಾಯು ಶೇಕಡಾ 12ರಷ್ಟು ಬೆಳೆದಿತ್ತು. ಶ್ರಮದ ತುತ್ತತುದಿಯಲ್ಲಿ ದೇಹ ಬಳಸಬಲ್ಲ ಪ್ರಾಣವಾಯು ನಿಮಿಷಕ್ಕೆ 1.20 ಲೀಟರಿನಿಂದ 1.43 ಲೀಟರಿಗೆ ಏರಿತ್ತು. ಇಂಥ ಅಭ್ಯಾಸದಿಂದ ಕಾಲಿನ ರಕ್ತಸಂಚಾರ ಹೆಚ್ಚುವುದೂ, ಸ್ನಾಯುಗಳು ಸಕ್ಕರೆಯನ್ನು ಹೀರುವ ಶಕ್ತಿಯನ್ನು ಮರಳಿ ಪಡೆಯುವುದೂ ಕಂಡುಬಂದಿದೆ.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿ 2016ರ ಅಕ್ಟೋಬರಿನಲ್ಲಿ ಸೈಬತ್ಲಾನ್ ಎಂಬ ಹೊಸ ಬಗೆಯ ಪಂದ್ಯಾಟ ನಡೆಯಿತು. ಅಲ್ಲಿ ಬೆನ್ನುಹುರಿ ಕಡಿದವರು ವಿದ್ಯುತ್ ಪ್ರಚೋದನೆಯಿಂದಲೇ ಮೂರು ಗಾಲಿಯ ಸೈಕಲ್ಲುಗಳನ್ನು ತುಳಿದು 750 ಮೀಟರುಗಳ ಸ್ಪರ್ಧೆಯಲ್ಲಿ ಓಡಿಸಿದರು. ಗೆದ್ದವನು ಅಮೆರಿಕದ ಕ್ಲೀವ್‌ಲೆಂಡ್ ತಂಡದ ಮಾರ್ಕ್ ಮುನ್. ಅವನಿಗೆ ಚರ್ಮದ ಮೇಲಲ್ಲ, ಶಸ್ತ್ರಕ್ರಿಯೆಯಿಂದ ದೇಹದೊಳಗೆಯೇ ವಿದ್ಯುದ್ವಾರಗಳನ್ನು ಅಳವಡಿಸಲಾಗಿತ್ತು. ಬೆನ್ನುಹುರಿಯ ಪೊರೆಯ ಮೇಲೆಯೇ ಪ್ರಚೋದಕವನ್ನು ಹೂಳುವ ಮತ್ತೊಂದು ಸಂಶೋಧನೆ 2011ರಿಂದೀಚೆಗೆ ಹೆಸರು ಮಾಡಿದೆ; ಕೆಲವರು ಅದರಿಂದ ತಮ್ಮ ಇಚ್ಛೆಯಂತೆ ಕಾಲನ್ನು ಅಲುಗಿಸಿದ್ದಾರೆ, ಆಸರೆ ಹಿಡಿದು ಹೆಜ್ಜೆಯನ್ನೂ ಇಟ್ಟಿದ್ದಾರೆ. ಅದನ್ನು ಸೈಕಲ್ಲಿನ ವ್ಯಾಯಾಮದೊಂದಿಗೆ ಬೆರೆಸಿ ಗೊಂದಲಪಡಬಾರದು. ‘ಕರೆಂಟು ಕೊಟ್ಟು ನಡೆಸುತ್ತೇವೆ’ ಎಂದು ಭರವಸೆ ಕೊಟ್ಟು ಜಮೀನು ಮಾರಿಸುವವರ ಮಾತಿಗೆ ಮರುಳಾಗುವ ಮುನ್ನ, ಸೈಕಲ್ಲಿನ ಪ್ರಚೋದನೆ ಕಡಿದ ಹುರಿಯನ್ನು ಬೆಸೆಯುವುದಿಲ್ಲವೆಂಬುದನ್ನು ತಿಳಿದಿರಬೇಕು.

ಅಪಾಯಗಳನ್ನು ಹೇಳದೆ ಬಿಟ್ಟರೆ ದ್ರೋಹವಾದೀತು. ಎದೆಯ ಆರನೆಯ ಮಣಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಲ್ಲಿ, ಕೆಳಗಿನ ದೇಹಕ್ಕೆ ಯಾವುದೇ ಬಲವಾದ ಪ್ರಚೋದನೆ ತಗಲಿದರೆ ರಕ್ತದೊತ್ತಡ ಒಮ್ಮೆಲೇ ಅಪಾಯದ ಮಟ್ಟಕ್ಕೆ ಚಿಮ್ಮಬಹುದು. ತಲೆ ಸಿಡಿಯುವ ನೋವು, ಮುಖ ಕೆಂಪೇರುವುದು, ಪೆಟ್ಟಿನ ಮಟ್ಟದ ಮೇಲೆ ಬೆವರುವುದು ಅದರ ಲಕ್ಷಣಗಳು. ಒಡನೆಯೇ ಯಂತ್ರವನ್ನು ನಿಲ್ಲಿಸಿ, ಅವನನ್ನು ನೆಟ್ಟಗೆ ಕೂರಿಸಿ, ಬಿಗಿಯಾದ ಬಟ್ಟೆಯನ್ನು ಸಡಿಲಿಸಿ, ಮೂತ್ರದ ನಳಿಗೆ ಕಟ್ಟಿದೆಯೋ ಎಂದು ನೋಡಿ, ವೈದ್ಯನನ್ನು ಕರೆಯಬೇಕು. ಸ್ಪರ್ಶಜ್ಞಾನವಿಲ್ಲದ ಚರ್ಮ ವಿದ್ಯುದ್ವಾರದ ಅಂಚಿನಲ್ಲಿ ಸುಟ್ಟರೂ ತಿಳಿಯದು. ಬಹುಕಾಲ ಸುಮ್ಮನಿದ್ದ ಕಾಲಿನ ಎಲುಬು, ಬಲವಾಗಿ ಕುಗ್ಗಿದ ತನ್ನದೇ ಸ್ನಾಯುವಿನ ಸೆಳೆತಕ್ಕೆ ಮುರಿಯಬಹುದು. ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರಿಗೆ, ಗರ್ಭಿಣಿಯರಿಗೆ ಇದು ಸಲ್ಲದು. ಗೋಡೆಯ ಪ್ಲಗ್ಗಿನಿಂದ ತಂತಿ ಎಳೆದು ಮನೆಯಲ್ಲಿ ಪ್ರಯೋಗ ಮಾಡಹೊರಡುವ ಜಾಣರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಒಂದೇ ಮಾತು: 230 ವೋಲ್ಟ್ ವ್ಯಾಯಾಮ ಮಾಡಿಸುವುದಿಲ್ಲ, ಕೊಲ್ಲುತ್ತದೆ.

ಇನ್ನು ನಮ್ಮ ನಾಡಿನ ಮಾತು. ಬೆಂಗಳೂರಿನಲ್ಲಿ, ಸ್ವತಃ ಪೋಲಿಯೋದಿಂದ ಗಾಲಿಕುರ್ಚಿ ಹಿಡಿದ ಎನ್. ಎಸ್. ಹೇಮಾ ಅವರು 1959ರಲ್ಲಿ ಸ್ಥಾಪಿಸಿದ ಅಂಗವಿಕಲರ ಸಂಸ್ಥೆಯು ಬೆನ್ನುಹುರಿಯ ಅಪಘಾತಕ್ಕೊಳಗಾದವರ ಪುನಶ್ಚೇತನವನ್ನೂ ಕೈಗೊಂಡಿದೆ. ನಿಮ್ಹಾನ್ಸಿನಲ್ಲಿ ಇದಕ್ಕೆ ಮೀಸಲಾದ ವಿಭಾಗವಿದೆ. ಆದರೆ ಮರದಿಂದ ಬಿದ್ದವನ ಮನೆಗೆ ಬೆಂಗಳೂರು ಬಹುದೂರ. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಸೌತಡ್ಕದಲ್ಲಿ ಕನ್ಯಾಡಿಯ ಸೇವಾಭಾರತಿ ಸಂಸ್ಥೆಯವರು ಸೇವಾಧಾಮವೆಂಬ ಪುನಶ್ಚೇತನ ಕೇಂದ್ರವನ್ನು ಬೆನ್ನುಹುರಿಗೆ ಪೆಟ್ಟಾದವರಿಗೆಂದೇ ನಡೆಸುತ್ತಿದ್ದಾರೆ. ಹುಣ್ಣಾಗದಂತೆ ಕುಳಿತುಕೊಳ್ಳುವುದು, ಮೂತ್ರದ ನಳಿಗೆಯನ್ನು ತಾನೇ ಹಾಕಿಕೊಳ್ಳುವುದು, ಹಾಸಿಗೆಯಿಂದ ಕುರ್ಚಿಗೆ ತಾನೇ ದಾಟುವುದು, ಇವನ್ನು ಕಲಿತವನಿಗೇ ಮುಂದಿನ ವ್ಯಾಯಾಮದ ಮಾತು. ಮೂಡುಬಿದಿರೆಯಲ್ಲಿಯೇ ಆಳ್ವಾಸ್ ಸಂಸ್ಥೆಯ ಭೌತಚಿಕಿತ್ಸೆಯ ಕಾಲೇಜು ಇದೆ; ಈ ವಿದ್ಯೆಯನ್ನು ಅರಿತ ತರುಣ ತರುಣಿಯರು ವರ್ಷವರ್ಷವೂ ಹೊರಬರುತ್ತಿರುವಾಗ ಇದು ನಮ್ಮ ಊರಿಗೆ ಎಟುಕದ ಸಂಗತಿಯೆಂದು ಭಾವಿಸಬೇಕಾಗಿಲ್ಲ.

ಬೀಳದಂತೆ ನೋಡಿಕೊಳ್ಳುವುದು ಇದಕ್ಕೆಲ್ಲ ಮಿಗಿಲೆಂಬುದು ನಿಜ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ತಾವೇ ನಿರ್ಮಿಸಿದ ಯಂತ್ರದ ಮೇಲೆ ಕುಳಿತು ಅಡಕೆ ಮರವನ್ನು ಏರುವುದನ್ನು 2019ರಲ್ಲಿ ಲೋಕವೇ ಕಂಡಿತು. ನೆಲದ ಮೇಲೆಯೇ ನಿಂತು ಮದ್ದು ಬಿಡಲು, ಗೊನೆ ಕೊಯ್ಯಲು ಹಗುರವಾದ ಕಾರ್ಬನ್ ಫೈಬರಿನ ಉದ್ದನೆಯ ದೋಟಿಗಳು ಈಗ ತೋಟತೋಟಗಳಿಗೆ ಬಂದಿವೆ. ಮರ ಹತ್ತುವವರು ಸಿಕ್ಕುವುದಿಲ್ಲವೆಂಬ ಕಾರಣಕ್ಕೆ ಅವನ್ನು ಕೊಂಡವರೇ ಹೆಚ್ಚು. ಕಾರಣ ಯಾವುದಾದರೇನು, ಒಬ್ಬನ ಬೆನ್ನು ಉಳಿಯಿತಲ್ಲ.

ಈಗಾಗಲೇ ಬಿದ್ದವರ ವಿಷಯದಲ್ಲಿ ಮಾತ್ರ ಕೋಪನ್‌ಹೇಗನ್ನಿನ ಪ್ರಯೋಗದ ಇನ್ನೊಂದು ಭಾಗವನ್ನು ನೋಡಬೇಕು. ವರ್ಷಾಂತ್ಯಕ್ಕೆ ಮಂಡಿಯ ಕೆಳಗಣ ಎಲುಬಿನ ಸಾಂದ್ರತೆ ಶೇಕಡಾ 10ರಷ್ಟು ಹೆಚ್ಚಿತ್ತು. ಸೋರಿಹೋದ ಸುಣ್ಣ ಕೊಂಚವಾದರೂ ಮರಳಿ ಬಂದಿತ್ತು. ಆ ಬಳಿಕ ಅವರು ವಾರಕ್ಕೆ ಮೂರರ ಬದಲು ಒಂದೇ ಸಲ ತುಳಿಯುವಂತೆ ಮಾಡಿ ಆರು ತಿಂಗಳು ಕಾದರು. ಎಲುಬು ಮೊದಲು ಇದ್ದಲ್ಲಿಗೇ ಇಳಿದಿತ್ತು. ಮೂಡುಬಿದಿರೆಯಿಂದ ಮಂಗಳೂರಿಗೆ ಸುಮಾರು 35 ಕಿಲೋಮೀಟರು. ಬೆಳ್ತಂಗಡಿಯಿಂದ ಅದಕ್ಕೂ ಬಹಳ ಹೆಚ್ಚು. ಗಾಲಿಕುರ್ಚಿಯವನು ಬಸ್ಸು ಹತ್ತಲಾರನು. ಬಾಡಿಗೆಯ ಕಾರಿನಲ್ಲಿ ವಾರಕ್ಕೊಮ್ಮೆ ಹೋಗಿಬರುವುದೇ ಒಂದು ಕೂಲಿಯ ಮನೆಗೆ ದುಸ್ತರ, ಮೂರು ಸಲದ ಮಾತೆಲ್ಲಿ ಬಂತು? ಎಂದಮೇಲೆ ಸೈಕಲ್ಲು ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿದ್ದು ಫಲವಿಲ್ಲ. ಅದು ಅವನ ಮನೆಯ ಚಾವಡಿಯಲ್ಲಿರಬೇಕು, ಇಲ್ಲವೇ ಮಗ ಅಥವಾ ತಮ್ಮ ಬೆಳಗ್ಗೆ ಕೆಲಸಕ್ಕೆ ಹೋಗುವ ಮುನ್ನ ರಿಕ್ಷಾದಲ್ಲಿ ಕರೆದೊಯ್ದು ಬಿಡಬಹುದಾದಷ್ಟು ಸಮೀಪದ, ಪೇಟೆಯ ಆರೋಗ್ಯಕೇಂದ್ರದಲ್ಲಿರಬೇಕು.